ಹತ್ತು ಬೋಲ್ಟು, ಹಳದಿ ಗೆರೆ

ಎಣ್ಣೆ ಇಷ್ಟು ತಿಳಿಯಾಗಿರಬಾರದಿತ್ತು.

ಟೀಚರಮ್ಮ ಒಂದು ತೊಟ್ಟನ್ನು ಬೆರಳ ತುದಿಗೆ ಹಚ್ಚಿಕೊಂಡು ದೀಪಕ್ಕೆ ಹಿಡಿದಳು. ಜೇನಿನ ಬಣ್ಣ. ಮೂಸಿ ನೋಡಿದಳು. ಸುಟ್ಟ ವಾಸನೆಯ ಸುಳಿವೂ ಇಲ್ಲ. ಅವಳ ತಮ್ಮ ಹಿಂದಿನ ಚಕ್ರಗಳ ನಡುವಿನ ಈ ಡಿಫರೆನ್ಷಿಯಲ್ ಡಬ್ಬದೊಳಗೆ ಬೆಸುಗೆ ಹಾಕಿ ಮುಚ್ಚಿದ ಮೇಲೆ ಕಾರು ನಾಲ್ಕು ಭಾನುವಾರ ಟೈರು ಹೊಗೆಯಾಡುವಂತೆ ಓಡಿತ್ತು. ಅಷ್ಟು ಓಡಿದ ಎಣ್ಣೆ ಡಾಂಬರಿನ ಹಾಗೆ ಕಪ್ಪಗಿರಬೇಕು.

ಅಂದರೆ ತಮ್ಮನ ನಂತರ ಯಾರೋ ಇದನ್ನು ಬಿಚ್ಚಿದ್ದಾರೆ. ಹಳೆಯ ಎಣ್ಣೆ ಇಳಿಸಿ, ಹೊಸದು ಸುರಿದು, ಏನೂ ಆಗಿಲ್ಲವೆಂಬಂತೆ ಮುಚ್ಚಿದ್ದಾರೆ.

ಒಂಬತ್ತು ದಿನಗಳಿಂದ ಅವಳು ಹುಡುಕುತ್ತಿದ್ದದ್ದು ಇಂಥದ್ದನ್ನೇ. ಸಿಕ್ಕಾಗ ಮಾತ್ರ ಸಂತೋಷವಾಗಲಿಲ್ಲ.

ಅವಳು ನಿಂತಿದ್ದದ್ದು ಗ್ಯಾರೇಜಿನ ಗುಂಡಿಯಲ್ಲಿ. ಕಾರಿನ ಅಡಿಭಾಗ ನೋಡಲೆಂದು ನೆಲದಲ್ಲಿ ಕೊರೆದು ಸಿಮೆಂಟು ಬಳಿದ ಗುಂಡಿ ಅದು. ಎರಡೂ ಭುಜ ಗೋಡೆಗೆ ತಾಗುವಷ್ಟು ಕಿರಿದು. ಒಂದು ತುದಿಯಲ್ಲಿ ಆರು ಮೆಟ್ಟಿಲು, ಇನ್ನೊಂದು ತುದಿಯಲ್ಲಿ ಬರೀ ಗೋಡೆ. ತಲೆಯ ಮೇಲೆ ಜಜ್ಜಿಹೋದ ಮೂತಿಯ ಕಾರು, ಪೊಲೀಸರ ಸೀಲು ಹೊತ್ತು, ಮುಚ್ಚಳದಂತೆ ಕೂತಿತ್ತು.

ಒಂದು ಕಾಲಕ್ಕೆ ಯಾರೋ ದೊಡ್ಡ ಮನುಷ್ಯರು ಹಿಂದಿನ ಸೀಟಿನಲ್ಲಿ ಪೇಪರು ಓದುತ್ತಾ ಓಡಾಡುತ್ತಿದ್ದ ಕಾರು. ಬಾಗಿಲಿಗೆ ಮರದ ಪಟ್ಟಿ, ಸೀಟಿಗೆ ಚರ್ಮ. ಇಪ್ಪತ್ತೆರಡು ವರ್ಷ ಹಳೆಯದಾದ ಮೇಲೆ ಗುಜರಿಗೆ ಹೊರಟಿದ್ದನ್ನು ಅವಳ ತಮ್ಮನೂ ಅವನ ಗೆಳೆಯನೂ ಸೇರಿ ಎಳೆದು ತಂದಿದ್ದರು. ಸೀಟು ಕಿತ್ತೆಸೆದು ಭಾರ ಇಳಿಸಿದರೂ ಅದರ ಗತ್ತು ಇಳಿಯಲಿಲ್ಲ ಎಂದು ಹುಡುಗರು ಅದಕ್ಕೆ 'ಸಾಹೇಬ್ರು' ಎಂದೇ ಹೆಸರಿಟ್ಟಿದ್ದರು.

ಆ ಗೆಳೆಯ ಈಗಿಲ್ಲ. ಕಾರನ್ನು ನಿಂತಲ್ಲೇ ಗಿರಗಿರನೆ ತಿರುಗಿಸುತ್ತಿದ್ದದ್ದಕ್ಕೆ ಅವನನ್ನು ಎಲ್ಲರೂ ಬುಗುರಿ ಎನ್ನುತ್ತಿದ್ದರು. ಹಳೇ ಗೋದಾಮಿನ ಹಿಂದಿನ ಕಾಂಕ್ರೀಟು ಬಯಲಿನಲ್ಲಿ, ಇನ್ನೂರು ಜನರ ಕಣ್ಣೆದುರು, ಸಾಹೇಬರ ಹಿಂದಿನ ಚಕ್ರ ಒಮ್ಮೆಲೇ ಕಚ್ಚಿಕೊಂಡು ಕಾರು ಗೋಡೆಗೆ ಹೋಗಿ ಬಡಿದಿತ್ತು. ಬೆಸುಗೆ ಬಿಟ್ಟಿದೆ ಎಂದು ಪೊಲೀಸರು ಬರೆದುಕೊಂಡರು. ಬೆಸುಗೆ ಹಾಕಿದವನು ಯಾರು? ಟೀಚರಮ್ಮನ ತಮ್ಮ ಕಿಡಿ. ಎಂಟು ದಿನಗಳಿಂದ ಅವನು ಜೈಲಿನಲ್ಲಿದ್ದ.

ದೂರು ಕೊಟ್ಟವನು ಬುಗುರಿಯ ಸ್ವಂತ ಅಣ್ಣ, ಟೈರು ಅಂಗಡಿಯ ಟೈರಣ್ಣ. ಆಸ್ಪತ್ರೆಯ ವರಾಂಡದಲ್ಲಿ ಎದೆ ಎದೆ ಬಡಿದುಕೊಂಡು, "ನಿನ್ನ ತಮ್ಮನ ವೆಲ್ಡಿಂಗು ನನ್ನ ತಮ್ಮನ್ನ ತಿಂದ್ಹಾಕ್ತಲ್ಲೇ ಟೀಚರ್!" ಎಂದು ಅವನು ಕೂಗಿದ್ದು ಅವಳ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

ಅವಳು ತರಬೇತಿ ಕೇಂದ್ರದಲ್ಲಿ ಹತ್ತೊಂಬತ್ತು ವರ್ಷದಿಂದ ಮೋಟಾರು ಕೆಲಸ ಕಲಿಸುವವಳು. ಊರಿನ ಅರ್ಧ ಮೆಕ್ಯಾನಿಕ್ಕುಗಳು ಅವಳ ಕೈಯಲ್ಲಿ ಬೈಸಿಕೊಂಡವರೇ. ಡಿಫರೆನ್ಷಿಯಲ್ ಎಂದರೇನು ಎಂದು ಹುಡುಗರಿಗೆ ಅವಳು ಹೇಳುತ್ತಿದ್ದದ್ದು ಹೀಗೆ: ಕಾರು ತಿರುವು ತೆಗೆದುಕೊಂಡಾಗ ಒಳಗಿನ ಚಕ್ರಕ್ಕೆ ದಾರಿ ಕಡಿಮೆ, ಹೊರಗಿನದಕ್ಕೆ ಜಾಸ್ತಿ. ಇಬ್ಬರ ಜಗಳ ಬಿಡಿಸಿ ಅವರವರ ಪಾಡಿಗೆ ತಿರುಗಲು ಬಿಡುವ ಹಲ್ಲುಚಕ್ರಗಳ ಡಬ್ಬವೇ ಇದು. ಕಾರನ್ನು ಬೇಕೆಂದೇ ಜಾರಿಸಿ ತಿರುಗಿಸುವ ಡ್ರಿಫ್ಟಿಂಗಿಗೆ ಆ ಸ್ವಾತಂತ್ರ್ಯ ಬೇಡ. ಎರಡೂ ಚಕ್ರ ಒಟ್ಟಿಗೇ ತಿರುಗಬೇಕು, ಒಟ್ಟಿಗೇ ಜಾರಬೇಕು. ಅನುಕೂಲಸ್ಥರು ಅದಕ್ಕೆಂದೇ ಮಾಡಿದ ಡಬ್ಬ ತರಿಸುತ್ತಾರೆ. ಉಳಿದವರು ಒಳಗಿನ ಹಲ್ಲುಗಳನ್ನೇ ಬೆಸೆದು ಒಂದು ಮಾಡಿಬಿಡುತ್ತಾರೆ. ಬೆಸುಗೆ ಗಟ್ಟಿಯಿದ್ದರೆ ಏನೂ ಆಗದು. ಇಲ್ಲದಿದ್ದರೆ ತುಂಡೊಂದು ಕಳಚಿ ಹಲ್ಲಿನ ನಡುವೆ ಸಿಕ್ಕಿಕೊಳ್ಳುತ್ತದೆ.

ವಕೀಲರು ಹಟ ಹಿಡಿದು ಅವಳಿಗೆ ಈ ಒಂದು ಮಧ್ಯಾಹ್ನದ ಮಟ್ಟಿಗೆ ಅನುಮತಿ ಕೊಡಿಸಿದ್ದರು. ನಾಳೆ ಪೊಲೀಸ್ ಇಲಾಖೆಯವರು ಕಾರನ್ನು ಒಯ್ಯುತ್ತಾರೆ. ಕಾವಲಿಗೆ ಒಬ್ಬ ಕಾನ್‌ಸ್ಟೇಬಲ್ ಗ್ಯಾರೇಜಿನ ಬಾಗಿಲಲ್ಲಿ ಬೆಂಚು ಹಾಕಿಕೊಂಡು ಕೂತಿದ್ದ. ಅವನ ರೇಡಿಯೋದ ಗೊರಗೊರ ಸದ್ದು ಗುಂಡಿಯವರೆಗೂ ಕೇಳುತ್ತಿತ್ತು. ಅದೊಂದು ಧೈರ್ಯ.

ಡಬ್ಬದ ಹಿಂಬದಿಯ ಮುಚ್ಚಳಕ್ಕೆ ಹತ್ತು ಬೋಲ್ಟು. ಕೈ ಹಾಕುವ ಮೊದಲೇ ಅವಳು ಒಂದೊಂದರದ್ದೂ ಫೋಟೋ ತೆಗೆದಿದ್ದಳು. ಪ್ರತಿ ಬೋಲ್ಟಿನ ತಲೆಯಿಂದ ಮುಚ್ಚಳದವರೆಗೆ ಒಂದೊಂದು ಹಳದಿ ಗೆರೆ. ಕಂಪನಿ ಸರ್ವಿಸಿನಲ್ಲಿ ಕೆಲಸ ಮಾಡಿದವರ ಅಭ್ಯಾಸ ಅದು. ಬಿಗಿದದ್ದಕ್ಕೆ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದರೆ ಯಾವುದೂ ಮರೆತುಹೋಗುವುದಿಲ್ಲ. ಕಿಡಿಗೆ ಅಂಥ ಶಿಸ್ತು ಏಳು ಜನ್ಮಕ್ಕೂ ಬಾರದು.

ಒಂದೊಂದಾಗಿ ಬಿಚ್ಚುತ್ತಾ ಬಂದಳು. ಹತ್ತನೆಯದಕ್ಕೆ ಸ್ಪ್ಯಾನರು ಇಟ್ಟವಳ ಕೈ ಹಾಗೇ ನಿಂತಿತು.

ಹತ್ತನೆಯದಕ್ಕೆ ಎರಡು ಗೆರೆ ಇತ್ತು.

ಕ್ಯಾಮೆರಾದಲ್ಲಿ ಕಂಡಾಗ ಕೈತಪ್ಪು ಅಂದುಕೊಂಡಿದ್ದಳು. ಈಗ ಬೇರೆಯದೇ ದನಿ ನೆನಪಿಗೆ ಬಂತು. ಅವಳಿಗಾಗ ಹದಿನಾರು ವರ್ಷ. ಅಪ್ಪ ತೀರಿಕೊಂಡ ವರ್ಷ. ಪಕ್ಕದಲ್ಲಿ ನಿಂತು ಸ್ಪ್ಯಾನರು ಹಿಡಿಯುವುದನ್ನು ಕಲಿಸುತ್ತಾ ಒಬ್ಬರು ಹೇಳಿದ್ದರು: "ಕೊನೇದಕ್ಕೆ ಎರಡು ಗೆರೆ ಹಾಕು ಮಗಳೇ. ಕೆಲಸ ಮುಗೀತು ಅಂತ ಗಾಡಿಗೂ ಗೊತ್ತಾಗಲಿ."

ಫೋರ್‌ಮನ್ ಮಾವ. ಅಪ್ಪನ ಗೆಳೆಯ, ಈ ಗ್ಯಾರೇಜಿನ ಯಜಮಾನ. ಅವಳಿಗೂ ಕಿಡಿಗೂ ಅನ್ನದ ಜೊತೆಗೆ ಕಸುಬನ್ನೂ ಇಕ್ಕಿದವರು.

ಆದರೂ ಕೊನೆಯ ಬೋಲ್ಟು ತೆಗೆದಳು. ಮುಚ್ಚಳ ಕಳಚಿ ಕೆಳಗಿಟ್ಟು, ದೀಪವನ್ನು ಹತ್ತಿರದ ಕೊಕ್ಕೆಗೆ ತಗುಲಿಸಿ, ಒಳಗೆ ಇಣುಕಿದಳು.

ಕಿಡಿ ಹಾಕಿದ್ದು ನಾಲ್ಕು ಬೆಸುಗೆ. ಅವನ ಕೈ ಅವಳಿಗೆ ಗೊತ್ತು. ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಸಮನಾಗಿ ಕೂತ ಅಲೆಗಳು. ಎರಡು ಹಾಗೇ ಇದ್ದವು, ಚಿನ್ನದಂಥ ಕೆಲಸ. ಇನ್ನೆರಡು ಮುರಿದಿದ್ದವು. ಮುರಿದ ಒಂದು ಚೂರು ದೊಡ್ಡ ಚಕ್ರದ ಹಲ್ಲಿನ ಸಂದಿಯಲ್ಲಿ ಗೂಟ ಬಡಿದಂತೆ ಸಿಕ್ಕಿಕೊಂಡಿತ್ತು.

ಭೂತಗನ್ನಡಿ ಹಿಡಿದಳು. ತಾನಾಗಿ ಮುರಿದ ಲೋಹ ಉಪ್ಪಿನ ಹರಳಿನ ಹಾಗೆ ಕಾಣುತ್ತದೆ. ಇಲ್ಲಿ ಅಂಚಿನಲ್ಲಿ ಒಂದು ಬೆರಳಗಲ ಮಾತ್ರ ಹರಳು ಹರಳಾಗಿತ್ತು. ಮಿಕ್ಕ ಮುಕ್ಕಾಲು ಪಾಲು ಕನ್ನಡಿಯಂತೆ ನುಣುಪು. ನುಣುಪಿನ ಮೇಲೆ ಬೂದು ಬಣ್ಣದ ಲೇಪ. ಉಗುರಿನಿಂದ ಕೆರೆದಳು. ಅದು ಮೇಣದ ಹಾಗೆ ಎದ್ದು ಬಂತು.

ತೆಳು ತಟ್ಟೆಯ ಗ್ರೈಂಡರಿನಲ್ಲಿ ಮುಕ್ಕಾಲು ಕೊಯ್ದು, ಸೀಳು ಕಾಣದಂತೆ ಲೇಪ ಮೆತ್ತಿ ಬಿಟ್ಟಿದ್ದರು. ಒಂದೆರಡು ಸುತ್ತು ತಡೆಯಲಿ, ಆಮೇಲೆ ವೇಗ ಬಂದಾಗ ಹೋಗಲಿ ಎಂದು ಅಳತೆ ಮಾಡಿ ಕೊಯ್ದ ಕೊಯ್ತ.

ಕಿಡಿ ಕೊಂದಿರಲಿಲ್ಲ. ಬುಗುರಿಯ ಸಾವು ಅಪಘಾತವೂ ಆಗಿರಲಿಲ್ಲ.

ಆರು ಫೋಟೋ ತೆಗೆದು ವಕೀಲರಿಗೆ ಕಳಿಸಲು ಒತ್ತಿದಳು. ಗುಂಡಿಯೊಳಗೆ ನೆಟ್‌ವರ್ಕ್ ಇರಲಿಲ್ಲ. ಫೋಟೋಗಳ ಮೇಲೆ ಸಣ್ಣ ಚಕ್ರ ಸುಮ್ಮನೆ ತಿರುಗುತ್ತಲೇ ಇತ್ತು.

ಆಗ ಅವಳಿಗೆ ತಿಳಿಯಿತು, ರೇಡಿಯೋದ ಸದ್ದು ನಿಂತು ಎಷ್ಟೋ ಹೊತ್ತಾಗಿದೆ.

ಗಡಗಡನೆ ಶಟರು ಇಳಿಯಿತು. ಕಾರಿನ ಅಂಚಿನಿಂದ ಬರುತ್ತಿದ್ದ ಮಧ್ಯಾಹ್ನದ ಬೆಳಕು ಒಮ್ಮೆಲೇ ಕತ್ತರಿಸಿಹೋಯಿತು.

"ಯಾರು?"

ಹೆಜ್ಜೆಗಳು ಮಾತ್ರ. ಒಂದು ಗಟ್ಟಿ, ಒಂದು ಎಳೆತ. ಎಡಗಾಲು ಎಳೆದು ನಡೆಯುವವರು ಈ ಬೀದಿಯಲ್ಲಿ ಒಬ್ಬರೇ. ಕ್ಯಾನ್ವಾಸ್ ಬೂಟು ಮೊದಲ ಮೆಟ್ಟಿಲಿಗೆ ಬಂತು, ಎರಡನೆಯದಕ್ಕೆ ಬಂತು. ಮೂರನೆಯದರ ಮೇಲೆ ಫೋರ್‌ಮನ್ ಮಾವ ಕೂತುಬಿಟ್ಟರು. ಹೊರಗೆ ಹೋಗಲು ಇದ್ದ ದಾರಿ ಅದೊಂದೇ.

"ಸಿಕ್ತೇನಮ್ಮಾ?" ಎಂದರು.

"ಮಾವಾ... ಶಟರ್ ಯಾಕೆ ಎಳೆದ್ರಿ?"

"ಧೂಳು ಬರುತ್ತೆ."

ಹೊರಗೆ ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ.

"ಕಾನ್‌ಸ್ಟೇಬಲ್ ಎಲ್ಲಿ?"

"ಪಾಪ, ಹಸಿದಿದ್ದ. ಹೋಗಿ ಊಟ ಮುಗಿಸ್ಕೊಂಡು ಬಾರಪ್ಪಾ, ನಾನಿರ್ತೀನಿ ಅಂದೆ."

ಮೂಗಿಗೆ ಘಾಟು ಬಡಿಯಿತು. ಬಣ್ಣ ಕರಗಿಸುವ ಥಿನ್ನರ್! ಅವರ ಮಂಡಿಗಳ ನಡುವೆ ದೊಡ್ಡ ಡಬ್ಬ, ಮುಚ್ಚಳ ತೆಗೆದದ್ದು. ಕೈಯಲ್ಲಿ ಬಟ್ಟೆ ಚೂರು. ಎಪ್ಪತ್ತರ ಕೈ ನಡುಗಿ ಡಬ್ಬ ತುಳುಕಿತು. ಚೆಲ್ಲಿದ್ದು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿದು ಗುಂಡಿಯ ನೆಲಕ್ಕೆ ಹರಿಯಿತು.

ಟೀಚರಮ್ಮ ದೀಪದತ್ತ ತಿರುಗಿದಳು. ಪ್ರತಿ ವರ್ಷ ಮೊದಲ ವಾರದ ಪಾಠವೇ ಇದು: ಥಿನ್ನರಿನ ಆವಿ ಗಾಳಿಗಿಂತ ಭಾರ, ಮೇಲೇಳುವುದಿಲ್ಲ, ಗುಂಡಿಯಲ್ಲಿ ನೀರಿನಂತೆ ತುಂಬಿಕೊಳ್ಳುತ್ತದೆ. ಅವಳ ತಲೆಯ ಪಕ್ಕದಲ್ಲೇ ತಂತಿಪಂಜರದೊಳಗೆ ನೂರು ವ್ಯಾಟಿನ ಬಲ್ಬು ಕಾದ ಬಾಣಲೆಯಂತೆ ಉರಿಯುತ್ತಿತ್ತು. ಸ್ವಿಚ್ಚು ಇದ್ದದ್ದು ಮೇಲೆ, ಮೆಟ್ಟಿಲ ಬದಿಯ ಗೋಡೆಯಲ್ಲಿ.

"ಮಾವಾ, ದೀಪ ಆರಿಸಿ."

ಅವರು ಅಲುಗಲಿಲ್ಲ. ಅವರ ಕಣ್ಣು ಕೆಳಗಿಟ್ಟ ಮುಚ್ಚಳದ ಮೇಲಿತ್ತು.

"ಮಾವಾ! ಇಬ್ರೂ ಸುಟ್ಟು ಬೂದಿ ಆಗ್ತೀವಿ. ನೀವು ಕಲಿಸಿದ್ದೇ ಇದು. ಆರಿಸಿ!"

ಆಮೇಲೆ ಅವರು ಕೂತಲ್ಲಿಂದಲೇ ಗೋಡೆಗೆ ಕೈ ಚಾಚಿದರು. ಟಕ್. ಶಟರಿನ ಅಡಿಯಿಂದ ದಾರದಷ್ಟು ಬೆಳಕು ಉಳಿಯಿತು.

ಕತ್ತಲಲ್ಲಿ ಅವರ ಉಸಿರು ಸ್ಪಷ್ಟವಾಗಿ ಕೇಳುತ್ತಿತ್ತು. ಅವಳದೂ ಅವರಿಗೆ ಕೇಳುತ್ತಿತ್ತೇನೋ.

"ಥಿನ್ನರ್ ಯಾಕೆ ತಂದ್ರಿ?"

"ಒರೆಸೋಕೆ."

"ಏನನ್ನ?"

"ನನ್ನ ಗೆರೆಗಳ್ನ."

ಸುಳ್ಳು ಹೇಳಬೇಕಾದರೆ ಈಗಲೇ ಹೇಳಬೇಕು.

"ಫೋಟೋ ತೆಗೆದಾಯ್ತು ಮಾವಾ. ವಕೀಲರಿಗೆ ಹೋಯ್ತು."

"ಹೋಯ್ತಾ?"

"ಹೋಯ್ತು."

ಬಟ್ಟೆ ಚೂರು ಅವರ ಕೈಯಿಂದ ಜಾರಿ ಬಿದ್ದ ಸದ್ದು. ಅವರು ಎದ್ದರೋ ಬಗ್ಗಿದರೋ ಕತ್ತಲಲ್ಲಿ ತಿಳಿಯಲಿಲ್ಲ. ಅವಳು ಸ್ಪ್ಯಾನರನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಗೆ ಒರಗಿದಳು. ಅನ್ನ ಹಾಕಿದ ಮನುಷ್ಯನಿಗೆ ಹೊಡೆಯಲು ಸಾಧ್ಯವೇ ಎಂದು ಯೋಚಿಸಿದಳು. ಸಾಧ್ಯ ಅನ್ನಿಸಿತು. ಆ ಉತ್ತರಕ್ಕೇ ಅವಳು ಇನ್ನಷ್ಟು ಹೆದರಿದಳು.

ಆದರೆ ಕೇಳಿಸಿದ್ದು ಅಳು. ಮುದಿಗಂಟಲಿನ, ಸದ್ದಿಲ್ಲದಂತೆ ಹಿಡಿದು ಹಿಡಿದು ಬಿಟ್ಟ ಅಳು.

"ಒಳ್ಳೇದಾಯ್ತು ಬಿಡಮ್ಮಾ," ಎಂದರು. "ನನ್ನ ಕೈಲಿ ಆಗ್ತಿರಲಿಲ್ಲ. ಒರೆಸಿದ್ರೆ ಕಿಡಿ ಹೋಗ್ತಿದ್ದ, ಬಿಟ್ರೆ ನಾನು ಹೋಗ್ತೀನಿ."

"ನೀವು ಕೊಯ್ದ್ರಾ?"

"ಇಲ್ಲ! ನಿಮ್ಮಪ್ಪನಾಣೆ ಇಲ್ಲ. ಮುಚ್ಚಳ ಬಿಚ್ಚಿದ್ದು ನಾನು, ಮುಚ್ಚಿದ್ದೂ ನಾನು. ನಡುವೆ ಅರ್ಧ ಗಂಟೆ ನಾನಿಲ್ಲಿ ಇರಲಿಲ್ಲ."

"ಯಾರಿದ್ರು?"

ಅವಳು ಸ್ಪ್ಯಾನರು ಹಿಡಿದೇ ಎರಡು ಹೆಜ್ಜೆ ಮುಂದೆ ಬಂದಳು.

"ಮಾವಾ, ಯಾರಿದ್ರು?"

"ಟೈರಣ್ಣ."

ಅವಳಿಗೆ ಅರ್ಥವಾಗಲಿಲ್ಲ. ಕಿವಿಗೆ ಬಿದ್ದ ಮಾತು ತಲೆಗೆ ಹತ್ತಲಿಲ್ಲ.

"ಶುಕ್ರವಾರ ಬೆಳಿಗ್ಗೆ ಬಂದ," ಫೋರ್‌ಮನ್ ಮಾವ ಹೇಳುತ್ತಾ ಹೋದರು. "ಸಾಹೇಬ್ರ ಹಿಂದುಗಡೆ ಎಣ್ಣೆ ಸೋರ್ತಿದೆ, ನಾಡಿದ್ದು ಆಟ ಇದೆ, ಬಿಚ್ಚಿ ನೋಡು ಅಂದ. ಬಿಚ್ಚಿದೆ. ಏನೂ ಸೋರ್ತಿರಲಿಲ್ಲ. ಬಿಚ್ಚಿದ್ದು ಬಿಚ್ಚಿದೀಯ, ಹೊಸ ಎಣ್ಣೆ ಹಾಕಿಬಿಡು, ಹೋಗಿ ತಗೊಂಡು ಬಾ ಅಂತ ಕಳಿಸಿದ. ಬಂದಾಗ ಗುಂಡಿ ಒಳಗಿದ್ದ. ಗ್ರೈಂಡರ್ ಮುಟ್ಟಿ ನೋಡಿದೆ, ಬಿಸಿ ಇತ್ತು. ಕೇಳಿದ್ರೆ, ಸೈಲೆನ್ಸರ್ ಕ್ಲಾಂಪು ಉಜ್ಜಿದೆ ಅಂದ. ನಂಬಿದೆ. ಮುಚ್ಚಿದೆ. ಗೆರೆ ಎಳೆದೆ."

"ಸ್ವಂತ ತಮ್ಮನ್ನ ಯಾರಾದ್ರೂ..."

"ತಮ್ಮನಿಗಲ್ಲಮ್ಮಾ!" ಅವರ ದನಿ ಒಡೆಯಿತು. "ಆ ಭಾನುವಾರ ಓಡಿಸಬೇಕಾಗಿದ್ದೋನು ಬುಗುರಿ ಅಲ್ಲ. ನಿನಗೆ ಗೊತ್ತಿಲ್ವಾ? ಸರದಿ ಕಿಡೀದು."

ಅವಳಿಗೆ ಗೊತ್ತಿತ್ತು. ಇಡೀ ಊರಿಗೆ ಗೊತ್ತಿತ್ತು. ಶನಿವಾರ ಕನ್ನಡಕ ಹಾಕದೆ ಬೆಸುಗೆ ಮಾಡಿ ಕಿಡಿಯ ಕಣ್ಣಿಗೆ ಬೆಳಕು ಹೊಡೆದಿತ್ತು. ಭಾನುವಾರ ಬೆಳಿಗ್ಗೆ ರೆಪ್ಪೆ ಬಾತು, ನೀರು ಸುರಿಸುತ್ತಾ, ಹಾಸಿಗೆಯಲ್ಲಿ ಹೊರಳಾಡುತ್ತಿದ್ದ. ಒದ್ದೆ ಬಟ್ಟೆ ಇಟ್ಟವಳು ಇವಳೇ. "ನೀನು ಮಲಗೋ, ನಿನ್ನ ಸುತ್ತು ನಾನು ಹೊಡ್ಕೊಂಡು ಬರ್ತೀನಿ," ಎಂದು ನಕ್ಕು ಹೋದವನು ಬುಗುರಿ.

ಆ ಅಣ್ಣ ಹಾಕಿದ ಬಲೆಗೆ ಅವನ ತಮ್ಮನೇ ಹೋಗಿ ಬಿದ್ದಿದ್ದ. ವರಾಂಡದಲ್ಲಿ ಎದೆ ಬಡಿದುಕೊಂಡದ್ದು ನಾಟಕವಲ್ಲ. ಅದು ನಿಜವಾಗಿಯೂ ಅಳುವೇ.

"ಕಿಡಿ ಮೇಲೆ ಅವನಿಗೆ ಏನು ದ್ವೇಷ?"

"ಅದು ನನಗೂ ಗೊತ್ತಿಲ್ಲ. ಅವನ ಟೈರು ಗೋದಾಮಿನಲ್ಲಿ ಕಿಡಿ ಏನೋ ನೋಡಬಾರದ್ದು ನೋಡಿದಾನೆ ಅಂತ ಅವನಿಗೆ ಅನುಮಾನ. ಅಷ್ಟು ಮಾತ್ರ ಬಾಯಿ ಬಿಟ್ಟ. ನಾನು ಪೊಲೀಸರಿಗೆ ಹೇಳ್ತೀನಿ ಅಂದಿದ್ದಕ್ಕೆ ಅವನು ಹೇಳಿದ್ದೇನು ಗೊತ್ತಾ? 'ಹೇಳು ಮಾವ. ಹತ್ತು ಬೋಲ್ಟಿಗೂ ನಿನ್ನ ಗೆರೆ ಇದೆ, ನನ್ನ ಒಂದು ಬೆರಳಿನ ಗುರುತೂ ಇಲ್ಲ.' ಇವತ್ತು ನೀನು ಬಿಚ್ತೀಯ ಅಂತ ಗೊತ್ತಾಗಿ, ಈ ಡಬ್ಬ ಕೊಟ್ಟು ಕಳಿಸಿದ್ದೂ ಅವನೇ."

ಟೀಚರಮ್ಮ ಮೆಟ್ಟಿಲು ಹತ್ತಿದಳು. ಅವರು ದಾರಿ ಬಿಟ್ಟರು. ಕತ್ತಲಲ್ಲಿ ಅವರ ಭುಜ ತಾಗಿತು. ಒಣಗಿದ ಕೊಂಬೆಯಂತೆ ಅದು ಅದುರುತ್ತಿತ್ತು. ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಒಂದೇ ಒಂದು ಸಮಾಧಾನ ಅವಳನ್ನು ಹಿಡಿದು ನಿಲ್ಲಿಸಿತ್ತು: ಕಿಡಿ ಜೈಲಿನಲ್ಲಿದ್ದಾನೆ. ಅಲ್ಲಿಗಿಂತ ಭದ್ರವಾದ ಜಾಗ ಅವನಿಗೆ ಈಗ ಇನ್ನೊಂದಿಲ್ಲ.

ಮೇಲೆ ಬಂದು ಶಟರಿಗೆ ಕೈ ಹಾಕುವಷ್ಟರಲ್ಲಿ ಫೋನಿಗೆ ನೆಟ್‌ವರ್ಕ್ ಬಂತು. ಫೋಟೋಗಳು ಒಂದೊಂದಾಗಿ ಹೋದವು. ಹಿಂದೆಯೇ ವಕೀಲರ ಕರೆ.

"ಎಷ್ಟು ಸಲ ಫೋನ್ ಮಾಡೋದು ನಿಮಗೆ? ಒಳ್ಳೇ ಸುದ್ದಿ ಇದೆ ರೀ! ಹುಡುಗನ್ನ ಬಿಟ್ರು. ಒಂದು ಗಂಟೆ ಆಯ್ತು."

"ಬಿಟ್ರಾ? ಯಾರು ಜಾಮೀನು ನಿಂತಿದ್ದು?"

"ಅದೇ ಆಶ್ಚರ್ಯ. ಸತ್ತವನ ಅಣ್ಣಾನೇ ಬಂದು ನಿಂತ್ರು. 'ಇವನೂ ನನ್ನ ತಮ್ಮನ ಹಾಗೇನೇ' ಅಂತ ಕಣ್ಣೀರು ಹಾಕ್ಕೊಂಡು, ಜೊತೇಲೇ ಕರ್ಕೊಂಡು ಹೋದ್ರು. ಎಂಥ ದೊಡ್ಡ ಮನಸ್ಸು ನೋಡಿ."

ಅವಳು ಮಾತು ಮುಗಿಯುವ ಮೊದಲೇ ಕರೆ ಕತ್ತರಿಸಿ ತಮ್ಮನ ನಂಬರು ಒತ್ತಿದಳು. ಬೆರಳು ಎರಡು ಸಲ ತಪ್ಪಿತು. ಮೂರನೇ ಸಲ ಹೋಯಿತು.

"ಅಕ್ಕಾ!" ಕಿಡಿಯ ದನಿಯಲ್ಲಿ ಎಂಟು ದಿನಗಳ ನಂತರದ ಬಿಸಿಲಿತ್ತು. "ಈಗ ನಿನಗೇ ಮಾಡ್ಬೇಕು ಅಂತಿದ್ದೆ. ಟೈರಣ್ಣ ಇನ್ನೊಂದು ಗಾಡಿ ಹಿಡಿದಿದಾರೆ, ನಮ್ಮ ಸಾಹೇಬ್ರ ಜೋಡಿ! ಡಿಫರೆನ್ಷಿಯಲ್ಲೂ ಬೆಸುಗೆ ಆಗಿದೆ. ಬುಗುರಿ ಹೆಸರಲ್ಲಿ ಒಂದೇ ಒಂದು ಸುತ್ತು ಹೊಡಿ, ಅವನಿಗೆ ಸಮಾಧಾನ ಆಗುತ್ತೆ ಅಂದ್ರು. ಅದೇ ಹಳೇ ಗೋದಾಮಿನ ಹತ್ರಾನೇ ಬಂದ್ವಿ. ನಾನೇ ಓಡಿಸ್ತಿದೀನಿ..."

"ಗಾಡಿ ನಿಲ್ಸು. ಈಗಲೇ ನಿಲ್ಸಿ ಇಳಿ."

"ಏನು? ಕೇಳಿಸ್ತಿಲ್ಲ, ಸೈಲೆನ್ಸರ್ ಇಲ್ಲ ಇದಕ್ಕೆ. ತಡಿ, ಅಣ್ಣಂಗೆ ಕೊಡ್ತೀನಿ."

ಫೋನು ಕೈ ಬದಲಾಯಿಸಿತು. ಎಂಜಿನ್ನಿನ ಗರ್ಜನೆಯ ನಡುವೆ ನಿಧಾನವಾದ, ದಣಿದ ದನಿ.

"ಟೀಚರ್. ಬಿಚ್ಚಿದ್ರಾ?"

ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು.

"ಮಾವನ ಹತ್ರ ಥಿನ್ನರ್ ಇದೆ. ಒಳಗಿನ ಲೇಪ, ಹೊರಗಿನ ಗೆರೆ, ಎರಡೂ ಒರೆಸಿ ಮುಚ್ಚಿಬಿಡಿ. ಅಲ್ಲೀವರೆಗೂ ನಾನು ಇವನ ಪಕ್ಕದಲ್ಲೇ ಕೂತಿರ್ತೀನಿ. ನಾನು ಕೂತಿರೋವರೆಗೂ ನಿಧಾನಕ್ಕೆ ಓಡಿಸ್ತಾನೆ. ನಾನು ಇಳಿದ್ರೆ..." ಈ ಗಾಡಿಯ ಬೆಸುಗೆಗೂ ಅದೇ ಗ್ರೈಂಡರು ತಾಗಿದೆ ಎಂದು ಅವಳಿಗೆ ಹೊಳೆಯಿತು. "ಹುಡುಗರು ನೋಡಿ, ಒಬ್ರೇ ಇದ್ದಾಗ ಜೋರು."

ಅಷ್ಟರಲ್ಲಿ ಹೊರಗಿನಿಂದ ಯಾರೋ ಶಟರನ್ನು ಗಡಗಡನೆ ಮೇಲೆತ್ತಿದರು. ಬಿಸಿಲು ಮುಖಕ್ಕೆ ರಾಚಿತು. ಕಾನ್‌ಸ್ಟೇಬಲ್ ಹಲ್ಲು ಕೆದಕುತ್ತಾ ನಿಂತಿದ್ದ.

"ಏನ್ ಮೇಡಂ, ಕತ್ತಲಲ್ಲಿ ನಿಂತಿದೀರಾ? ಆಯ್ತಾ ಕೆಲಸ? ಡಬ್ಬದೊಳಗೆ ಏನಾದ್ರೂ ಸಿಕ್ತಾ?"

ಫೋನು ಅವಳ ಕಿವಿಯಲ್ಲೇ ಇತ್ತು. ಹಿಂದೆ ಫೋರ್‌ಮನ್ ಮಾವ ಗುಂಡಿಯ ಅಂಚು ಹಿಡಿದು ನಿಂತು ಅವಳ ಬಾಯನ್ನೇ ನೋಡುತ್ತಿದ್ದರು. ಆ ಕಡೆ ಎಂಜಿನ್ನು ಗೇರು ಬದಲಿಸಿತು. ಅಲ್ಲೇ ಕಾರಿನ ಬಾಗಿಲಿನ ಹಿಡಿ ಕ್ಲಿಕ್ಕೆಂದಿತು.

"ಹೇಳಿ ಟೀಚರ್," ಎಂದಿತು ಕಿವಿಯೊಳಗಿನ ದನಿ. "ಪೊಲೀಸಪ್ಪ ಕೇಳ್ತಿದಾನಲ್ಲ."